ಒರಳು ತುಂಬಿದವನು

ಹಾರ್ನ್‌ಬೀಮ್ ಗಾಲ್ಫ್ ಕ್ಲಬ್ಬಿನ ಹದಿನೆಂಟು ಕುಳಿಗಳಿಗೂ ಕೋಕಿಲಾ ಕನ್ನಡದ ಹೆಸರಿಟ್ಟಿದ್ದಳು. ಮೊದಲನೆಯದು ಹೊಸ್ತಿಲು. ಐದನೆಯದು ಅತ್ತೆಮನೆ, ಚೆಂಡು ಸಲೀಸಾಗಿ ಮರಳಿಗೆ ಹೋಗಿ ಬೀಳುತ್ತದೆ, ಹೊರಗೆ ಬರುವಷ್ಟರಲ್ಲಿ ಪ್ರಾಣ ಹೋಗುತ್ತದೆ. ಏರು ಹತ್ತಬೇಕಾದ ಹನ್ನೆರಡನೆಯದು ಚಾಮುಂಡಿ ಮೆಟ್ಟಿಲು. ಏಳನೆಯದು ಒರಳು. ಸುತ್ತ ದಿಬ್ಬ, ನಡುವೆ ತಗ್ಗು, ತಗ್ಗಿನಲ್ಲಿ ನುಣ್ಣನೆಯ ಹುಲ್ಲು, ಹುಲ್ಲಿನಲ್ಲಿ ಕುಳಿ. ಅಜ್ಜಿ ಮನೆಯ ಹಿತ್ತಿಲಲ್ಲಿದ್ದ ರುಬ್ಬುವ ಒರಳನ್ನು ಯಾರೋ ದೊಡ್ಡದು ಮಾಡಿ ಇಲ್ಲಿ ಕೆನಡಾದ ನ್ಯೂಮಾರ್ಕೆಟ್ ಪಟ್ಟಣದ ಹೊರಗೆ ಹೂತಿಟ್ಟಿದ್ದಾರೆ ಎಂದು ಮೊದಲ ದಿನವೇ ಆಕೆ ನಕ್ಕಿದ್ದಳು.

ಕೋಕಿಲಾ ಒಂದು ದಿನವೂ ಗಾಲ್ಫ್ ಆಡಿದವಳಲ್ಲ. ಆಡುತ್ತಿದ್ದವನು ಗಂಡ ಉಮಾಶಂಕರ. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ಹೊರಟು ಅರವತ್ತೇಳರಲ್ಲಿ ಕೆನಡಾಕ್ಕೆ ಬಂದವನು ಮೂವತ್ತು ವರ್ಷ ಇದೇ ಸೀಮೆಯ ನೆಲ ಅಳೆದು, ಚರಂಡಿ ಹಾಕಿಸಿ ನಿವೃತ್ತನಾಗಿದ್ದ. ಎಪ್ಪತ್ತೊಂಬತ್ತರಲ್ಲಿ ಕ್ಲಬ್ಬಿಗೆ ಸೇರಿದ ಮೊದಲ ಭಾರತೀಯ ಅವನೇ. ಅವನು ಆಡಿದಷ್ಟು ದಿನವೂ ಕೋಕಿಲಾ ಸೀರೆಯ ಮೇಲೆ ಕೋಟು ಹಾಕಿಕೊಂಡು ಪಕ್ಕದಲ್ಲಿ ನಡೆದಳು, ಪೆನ್ಸಿಲ್ ಹಿಡಿದು ಕಾರ್ಡಿನಲ್ಲಿ ಅವನ ಏಟುಗಳನ್ನು ಬರೆದಳು. ಆ ಆಟದಲ್ಲಿ ಏಟು ಕಡಿಮೆಯಾದವನೇ ಗೆದ್ದವನು. ಪೊದೆಯ ಹಿಂದೆ ಅವನು ಗುಟ್ಟಾಗಿ ಬೀಸಿ ತಪ್ಪಿಸಿದ ಏಟೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. ಆಗ ಜೋರು ಮಾಡುತ್ತಿರಲಿಲ್ಲ. ಪೆನ್ಸಿಲ್ ಎತ್ತಿ, "ರೀ, ಇನ್ನೊಂದು ಹಾಕ್ಲಾ?" ಎಂದು ಕೇಳುತ್ತಿದ್ದಳು, ಅಷ್ಟೆ. ಹಾಕು ಎನ್ನದೆ ಅವನಿಗೆ ಬೇರೆ ದಾರಿ ಇರುತ್ತಿರಲಿಲ್ಲ.

ಎರಡು ಸಾವಿರದ ಒಂದರಲ್ಲಿ ಕೋಕಿಲಾಗೆ ಮರೆವು ಶುರುವಾಯಿತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಬೀದಿ ಮರೆತಳು, ಆಮೇಲೆ ಮಗಳ ಹೆಸರಿಗೆ ತಡವರಿಸಿದಳು. ಸ್ವಂತ ಮನೆಯಲ್ಲಿ ಬಚ್ಚಲು ಎಲ್ಲಿ ಎಂದು ಕೇಳುವವಳು ಗಾಲ್ಫ್ ಮೈದಾನದಲ್ಲಿ ಮಾತ್ರ ಒಂದು ಹೆಜ್ಜೆ ತಪ್ಪಲಿಲ್ಲ. ಹೊಸ್ತಿಲಿನಿಂದ ಹೊರಟು ಹದಿನೆಂಟೂ ಮುಗಿಸಿ ಬರುವ ಮೂರು ಗಂಟೆ ಆಕೆ ಹಳೆಯ ಕೋಕಿಲಾ. ನಡೆದು ಬಂದ ದಿನ ಉಣ್ಣುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು. ಹಿಮ ಬಿದ್ದ ತಿಂಗಳುಗಳಲ್ಲೂ ಇಬ್ಬರೂ ಬೂಟು ಹಾಕಿಕೊಂಡು ಅದೇ ದಾರಿ ತುಳಿಯುತ್ತಿದ್ದರು.

ಎರಡು ಸಾವಿರದ ಮೂರರ ಆಗಸ್ಟಿನಲ್ಲಿ ಎರಡು ವಾರ ಆ ನಡಿಗೆ ತಪ್ಪಿತು. ಕ್ಲಬ್ಬಿನ ಜಮೀನನ್ನು ಮನೆ ಕಟ್ಟುವ ಕಂಪನಿಗೆ ಮಾರುವ ಮಾತು ಎದ್ದು, ಸದಸ್ಯರಿಗೂ ಮಾಲೀಕರಿಗೂ ಜಗಳವಾಗಿ ಗೇಟಿಗೆ ಬೀಗ ಬಿದ್ದಿತ್ತು. ಹನ್ನೊಂದನೆಯ ದಿನ ಕೋಕಿಲಾ ನೈಟಿಯಲ್ಲೇ ಮನೆಯಿಂದ ಹೊರಬಿದ್ದು ಹೆದ್ದಾರಿಯ ಅಂಚಿನಲ್ಲಿ ನಡೆಯತೊಡಗಿದಳು. ಪೊಲೀಸಿನವರು ಕಂಬಳಿ ಹೊದಿಸಿ ಕರೆದು ತಂದರು. ಒಶಾವಾದಲ್ಲಿದ್ದ ಮಗಳು ನಿಶಿತಾ ಅದೇ ಸಂಜೆ ಬಂದಳು.

"ಅಪ್ಪಾ, ಐ ಪುಟ್ ಹರ್ ನೇಮ್ ಡೌನ್," ಎಂದಳು. ಹೆಸರು ಬರೆಸಿದ್ದು ಮರೆವಿನವರನ್ನು ನೋಡಿಕೊಳ್ಳುವ ಹೋಮ್ ಒಂದರಲ್ಲಿ.

"ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕ್ತಾರೆ ಕಣೇ. ಅವಳ ಮಾತು ಅಲ್ಲಿ ಯಾರಿಗೆ ಅರ್ಥ ಆಗತ್ತೆ?"

"ಅಂಡ್ ದ ಹೈವೇ? ಶಿ ಕುಡ್ ಹ್ಯಾವ್ ಡೈಡ್, ಅಪ್ಪಾ." ಮಗಳು ಅಳುತ್ತಿದ್ದಳು. ತಪ್ಪು ಆಕೆಯದಲ್ಲ. ಕೊನೆಗೆ ಒಂದು ರಾಜಿಯಾಯಿತು: ಬೀಗ ತೆಗೆದು ನಡಿಗೆ ಮತ್ತೆ ನಡೆದರೆ ಅಮ್ಮ ಮನೆಯಲ್ಲಿ, ಮೈದಾನ ಹೋಯಿತೆಂದರೆ ಅಮ್ಮ ಹೋಮಿಗೆ.

ಜಗಳ ಕೋರ್ಟಿಗೆ ಹೋಗಿ, ತೀರ್ಮಾನವಾಗುವವರೆಗೆ ಗೇಟು ತೆರೆಯಿತು. ಉಮಾಶಂಕರನಿಗೆ ಉಸಿರು ಬಂತು. ಆದರೆ ಅದು ಎಷ್ಟು ದಿನದ ಉಸಿರು ಎಂದು ಅವನಿಗೆ ಗೊತ್ತಿತ್ತು. ನೀರಿನಲ್ಲಿ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರಲ್ಲ, ಹಾಗೆ ಅವನ ಕೈಗೆ ಸಿಕ್ಕಿದ ಹುಲ್ಲುಕಡ್ಡಿ ಸತ್ತು ಅರವತ್ತೈದು ವರ್ಷವಾಗಿದ್ದ ಒಬ್ಬ ಮನುಷ್ಯ. ಎಡ್ಮಂಡ್ ಫೇರ್ಲಿ ಅಂತ ಅವನ ಹೆಸರು. ಆ ಮೈದಾನವನ್ನು ರೂಪಿಸಿದವನು. ಜಾಗಕ್ಕೆ ಚಾರಿತ್ರಿಕ ಮಹತ್ವ ಇದೆಯೆಂದು ಪಟ್ಟಣದ ಪಾರಂಪರಿಕ ಸಮಿತಿ ಒಪ್ಪಿದರೆ ಅಲ್ಲಿ ಯಾರೂ ಬುಲ್ಡೋಜರ್ ಇಳಿಸುವಂತಿರಲಿಲ್ಲ. ಒಪ್ಪಿಸುವ ಕೆಲಸವನ್ನು ಉಮಾಶಂಕರ ಮೈಮೇಲೆ ಹಾಕಿಕೊಂಡ.

ಬರ್ಲಿಂಗ್ಟನ್ನಿನ ಲೈಬ್ರರಿಯಲ್ಲಿ ಫೇರ್ಲಿಯ ಕಾಗದಗಳ ನಾಲ್ಕು ಡಬ್ಬ ಇದ್ದವು. ಚಳಿಗಾಲವಿಡೀ ಉಮಾಶಂಕರ ವಾರಕ್ಕೆರಡು ಮಧ್ಯಾಹ್ನ ಅಲ್ಲಿಗೆ ಹೋದ, ಪಕ್ಕದ ಕುರ್ಚಿಯಲ್ಲಿ ಕೋಕಿಲಾಳನ್ನು ಕೂರಿಸಿಕೊಂಡು ಓದಿದ. ಓದುತ್ತ ಓದುತ್ತ ಆ ಮನುಷ್ಯ ಅವನಿಗೆ ಸ್ವಂತ ಸೋದರಮಾವನಷ್ಟು ಹತ್ತಿರವಾದ. ಬಿಸ್ಕತ್ತಿನ ಕಾರ್ಖಾನೆಯ ಮಗ. ಮೊದಲ ಮಹಾಯುದ್ಧಕ್ಕೆ ಹೋಗಿ ಎಡಗಿವಿ ಕಳೆದುಕೊಂಡು ಬಂದವನು. ಇಪ್ಪತ್ತರ ದಶಕದಲ್ಲಿ ಎರಡು ಸಲ ಪ್ರಾಂತ್ಯದ ಹವ್ಯಾಸಿ ಪ್ರಶಸ್ತಿ ಗೆದ್ದ. ಆಟವನ್ನು ಹೊಟ್ಟೆಪಾಡು ಮಾಡಿಕೊಳ್ಳುವುದು ಅವನಿಗೆ ಆಗದ ಮಾತು. ಮೈದಾನ ರೂಪಿಸಿ ಕೊಟ್ಟದ್ದಕ್ಕೂ ಒಂದು ಕಾಸನ್ನೂ ಮುಟ್ಟಲಿಲ್ಲ. ನಕ್ಷೆ ಬರೆಯುವ ಮೊದಲು ಒಂದು ನಾಯಿ ಕಟ್ಟಿಕೊಂಡು ತಿಂಗಳುಗಟ್ಟಲೆ ಆ ನೆಲದ ಮೇಲೆ ಸುಮ್ಮನೆ ಅಲೆಯುತ್ತಿದ್ದನಂತೆ. ಅವನು ಮಾಡಿದ ನಾಲ್ಕು ಮೈದಾನಗಳಲ್ಲಿ ಒಂದರ ಮೇಲೆ ಮಾಲ್ ಕೂತಿದೆ, ಒಂದರ ಮೇಲೆ ಹೆದ್ದಾರಿ ಹರಿದಿದೆ, ಇನ್ನೊಂದು ಶಾಲೆಯ ಪಾರ್ಕಿಂಗ್ ಲಾಟ್. ಮೂವತ್ತರ ದಶಕದ ಕಷ್ಟದ ದಿನಗಳಲ್ಲಿ ಕಾರ್ಖಾನೆ ಮುಚ್ಚಿತು. ಮೂವತ್ತೆಂಟರಲ್ಲಿ ಚಪ್ಪಲಿ ಹೊಲಿಯುವವನ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಸತ್ತ. ಹೆಂಡತಿ ಮಕ್ಕಳಿರಲಿಲ್ಲ.

ಆ ಡಬ್ಬಗಳಲ್ಲಿ ಉಮಾಶಂಕರನಿಗೆ ತುಂಬ ಹಿಡಿಸಿದ ಕಥೆ ಒಂದಿತ್ತು. ಗಾಲ್ಫಿನಲ್ಲಿ ತನ್ನ ಏಟಿನ ಕಾರ್ಡಿಗೆ ಆಟಗಾರನೇ ಸಹಿ ಹಾಕಬೇಕು. ಆಡಿದ್ದಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಬಿದ್ದರೆ ಮುಗಿಯಿತು, ತಿದ್ದುವಂತಿಲ್ಲ, ಪಂದ್ಯದಿಂದಲೇ ಹೊರಗೆ. ಇಪ್ಪತ್ತೇಳರ ಪಂದ್ಯದಲ್ಲಿ ಫೇರ್ಲಿ ಗೆದ್ದು, ಸಹಿ ಹಾಕಿ, ಬೂಟು ಕಳಚುತ್ತ ಕೂತಿದ್ದ. ಉದ್ದ ಹುಲ್ಲಿನಲ್ಲಿ ತಾನು ಹೊಡೆದದ್ದು ಐದಲ್ಲ, ಆರು ಎಂದು ಆಗ ಹೊಳೆಯಿತು. ಬೇರೆ ಯಾರೂ ನೋಡಿರಲಿಲ್ಲ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ, ಹಾಗೇ ಎದ್ದು ಹೋಗಿ ಕಾರ್ಯದರ್ಶಿಗೆ ಹೇಳಿದ. ಅವನ ಹೆಸರನ್ನು ಹೊಡೆದು ಹಾಕಿದರು.

"ನೋಡಿದ್ಯಾ ಕೋಕಿಲಾ, ಅವನಿಗೆ ನಿನ್ನಂಥವಳು ಬೇಕಾಗಿರ್ಲಿಲ್ಲ. ಇನ್ನೊಂದು ಹಾಕ್ಲಾ ಅಂತ ತನ್ನನ್ನ ತಾನೇ ಕೇಳ್ಕೋತಿದ್ದ," ಎಂದ ಉಮಾಶಂಕರ.

"ಒಳ್ಳೇವ್ನು," ಎಂದಳು ಕೋಕಿಲಾ.

ಏಪ್ರಿಲಿನಲ್ಲಿ ಕೊನೆಯ ಡಬ್ಬದ ತಳದಲ್ಲಿ ಒಂದು ಪತ್ರ ಸಿಕ್ಕಿತು. ಇಪ್ಪತ್ತೊಂಬತ್ತರಲ್ಲಿ ಫೇರ್ಲಿ ಹಾರ್ನ್‌ಬೀಮಿನ ಕಾರ್ಯದರ್ಶಿಗೆ ಬರೆದದ್ದು. 'ಏಳನೆಯ ಕುಳಿಯಲ್ಲಿ ವಸಂತಕ್ಕೆ ಎರಡು ವಾರ ನೀರು ನಿಲ್ಲುತ್ತದೆಂದು ಸದಸ್ಯರು ದೂರುತ್ತಾರೆ. ನೀರು ಎಲ್ಲಿ ನಿಲ್ಲುತ್ತದೆಂದು ನೋಡುವುದಕ್ಕೆ ನಾನು ಒಂದು ಇಡೀ ಏಪ್ರಿಲ್ ಅಲ್ಲಿ ಕೂತಿದ್ದೆ. ತಗ್ಗು ಬೇಕೆಂದೇ ಅಷ್ಟು ಆಳವಾಗಿದೆ. ನಾನು ಮಾಡಿದ್ದರಲ್ಲಿ ಉಳಿಯಬೇಕಾದದ್ದು ಅದೊಂದೇ. ದಯವಿಟ್ಟು ಯಾರೂ ಅದನ್ನು ಸರಿಪಡಿಸದಿರಲಿ.'

ಉಮಾಶಂಕರ ಪತ್ರವನ್ನು ಇನ್ನೊಮ್ಮೆ ಓದಿದ. ಸರಿಪಡಿಸಿದವನು ಅವನೇ.

ಎಂಬತ್ತಮೂರರಲ್ಲಿ ಕ್ಲಬ್ಬಿನವರು ಅವನನ್ನು ಚರಂಡಿ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ್ದರು. ಆಹಾ, ಆಗಿನ ಅವನ ಠೀವಿ! ನೀರು ಹರಿಸುವ ವಿದ್ಯೆ ಓದಿದ ಎಂಜಿನಿಯರಿಗೆ ನಿಂತ ನೀರು ಕಂಡರೆ ಆಗುತ್ತದೆಯೇ? ಯಾವನೋ ಹಳೆಯ ಕಾಲದವನಿಗೆ ಲೆವೆಲ್ಲು ಗೊತ್ತಿರಲಿಲ್ಲ ಎಂದುಕೊಂಡು, ಮೂರು ಗಾಡಿ ಮಣ್ಣು ತರಿಸಿ, ಒರಳಿನ ತಳವನ್ನು ಹದಿನಾಲ್ಕು ಇಂಚು ಎತ್ತರಿಸಿ, ಕೆಳಗೆ ಪೈಪು ಹಾಕಿಸಿ, ಮೇಲೆ ಹೊಸ ಹುಲ್ಲು ಹೊದಿಸಿದ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ. ಅವತ್ತು ಮಳೆ. ಅಳತೆಯ ಕೋಲು ಹಿಡಿಯುವ ಆಳು ಬಾರದೆ ಕೋಕಿಲಾಳೇ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಲು ಹಿಡಿದು ನಿಂತಿದ್ದಳು. "ಒರಳು ಚೆನ್ನಾಗೇ ಇತ್ತಲ್ಲ, ಪಾಪ, ಯಾಕ್ ತುಂಬ್ತೀರಾ?" ಎಂದೂ ಕೇಳಿದ್ದಳು. ಅವನು ನಕ್ಕಿದ್ದ.

ಉಳಿದ ಕುಳಿಗಳೆಲ್ಲ ಐವತ್ತರ ದಶಕದಲ್ಲೇ ಬೇರೆಯವರ ಕೈಯಲ್ಲಿ ಬದಲಾಗಿದ್ದವು. ಸಮಿತಿಯ ಮುಂದೆ ಫೇರ್ಲಿಯ ಕೈಕೆಲಸ ಎಂದು ತೋರಿಸಲು ಇದ್ದದ್ದು ಏಳನೆಯದೊಂದೇ. ಅದೂ ಅವನದಲ್ಲ, ಉಮಾಶಂಕರನದು ಎಂದಾದರೆ ಎಲ್ಲ ಮುಗಿದಂತೆ. ಹಳೆಯ ನಕ್ಷೆಯಲ್ಲಿ ಅಂಚಿನ ಗೆರೆ ಇತ್ತು, ಆಳ ಇರಲಿಲ್ಲ. ಕ್ಲಬ್ಬಿನ ದಾಖಲೆಗಳು ತೊಂಬತ್ತೊಂದರ ಬೆಂಕಿಯಲ್ಲಿ ಸುಟ್ಟಿದ್ದವು. ಆ ಕಾಲದ ಸಮಿತಿಯವರು ಒಬ್ಬರೂ ಉಳಿದಿರಲಿಲ್ಲ. ಉಳಿದದ್ದು ಮಣ್ಣು ತುಂಬುವ ಮೊದಲಿನ ಮತ್ತು ಆಮೇಲಿನ ಎತ್ತರಗಳನ್ನು ಬರೆದಿಟ್ಟ, ಬೇಸ್‌ಮೆಂಟಿನಲ್ಲಿದ್ದ ಅವನ ಲೆವೆಲ್ ಪುಸ್ತಕ. ಕಾಲೇಜಿನ ಕಾಲದಿಂದಲೂ ಅವನು ತನ್ನ ಖಾಸಗಿ ಅಳತೆಗಳನ್ನು ಕನ್ನಡದ ಅಂಕಿಗಳಲ್ಲೇ ಬರೆಯುತ್ತಿದ್ದ.

ಈ ವಿಷಯವನ್ನು ಅವನು ಒಬ್ಬನ ಹತ್ತಿರ ಮಾತ್ರ ಬಾಯಿಬಿಟ್ಟ. ಜೊತೆಗೆ ಗಾಲ್ಫ್ ಆಡುತ್ತಿದ್ದ ಧಾರವಾಡದ ಡಾಕ್ಟರ್ ಬಸವಂತಪ್ಪ, ಅವನೂ ನಿವೃತ್ತ.

"ಏ ಹುಚ್ಚಾ, ಆ ಪುಸ್ತಕ ಒಲಿಗೆ ಹಾಕು," ಎಂದ ಬಸವಂತಪ್ಪ. "ನಿನ್ನ ಕನ್ನಡ ಅಂಕಿ ಓದಾಂವ ಇಲ್ಲಿ ಯಾರದಾನ? ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ. ನೀ ಒಂದ ಸುಳ್ಳು ಹೇಳಿ ಹೆಂಡ್ತಿನ್ನ ಉಳಿಸ್ಕೋ."

ಪುಸ್ತಕವನ್ನು ಸುಡಲು ಅವನಿಗೆ ಮನಸ್ಸು ಬರಲಿಲ್ಲ. ಅಕ್ಕಿಯ ಡ್ರಮ್ಮಿನ ತಳಕ್ಕೆ ಸೇರಿಸಿ ಮೇಲೆ ಅಕ್ಕಿ ಸುರಿದ. ಫೇರ್ಲಿಯ ಬದುಕಿನ ಬಗ್ಗೆ ಬರೆದ ಅರವತ್ತು ಪುಟದ ಕಿರುಹೊತ್ತಿಗೆಯಲ್ಲಿ ಆ ಪತ್ರವನ್ನು ಪೂರ್ತಿ ಅಚ್ಚು ಹಾಕಿಸಿದ. ಯಾರೂ ಸರಿಪಡಿಸಿಲ್ಲ ಎಂದು ಕೆಳಗೆ ಒಂದು ಸಾಲನ್ನೂ ಸೇರಿಸಿದ.

ವಿಚಾರಣೆ ಎರಡು ಸಾವಿರದ ನಾಲ್ಕರ ಅಕ್ಟೋಬರಿನಲ್ಲಿ. ಬೆಳಗಿನ ಹತ್ತು ಗಂಟೆಗೆ ಪಟ್ಟಣದ ಸಭಾಂಗಣ ತುಂಬಿತ್ತು. ಮೂರನೆಯ ಸಾಲಿನಲ್ಲಿ ನಿಶಿತಾ, ಪಕ್ಕದಲ್ಲಿ ನೀಲಿ ಮೈಸೂರು ರೇಷ್ಮೆಯುಟ್ಟ ಕೋಕಿಲಾ. ಮನೆಯಲ್ಲಿ ಬಿಟ್ಟು ಬರಲು ಯಾರೂ ಇರಲಿಲ್ಲ, ಬಿಟ್ಟರೆ ಇರುವವಳೂ ಅಲ್ಲ. ಕಿಟಕಿಯೊಂದು ತೆರೆದಿತ್ತು, ಬಿಸಿಲು ಆಕೆಯ ಮಡಿಲಿಗೇ ಬೀಳುತ್ತಿತ್ತು. ಆಕೆ ಹಿತವಾಗಿ ಕೂತಿದ್ದಳು.

ಉಮಾಶಂಕರ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡಿದ. ಒಂದು ಕಾಲಿನ ಬೂಟಿನ ಕಥೆಯನ್ನು ಹೇಳಿದ. ಬೆಳ್ಳಿ ಕೂದಲಿನ ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ಮನೆ ಕಟ್ಟುವ ಕಂಪನಿಯ ವಕೀಲ ಎದ್ದ. ತರುಣ, ಮೃದು ಮಾತಿನವನು.

"ನೀವು ಮೂವತ್ತು ವರ್ಷ ಇಲ್ಲಿನ ನೆಲ ಅಳೆದವರು. ನಿಮ್ಮ ಮಾತನ್ನು ನಾವು ನಂಬುತ್ತೇವೆ," ಎಂದ. "ಒಂದೇ ಪ್ರಶ್ನೆ. ಫೇರ್ಲಿ ಮೈದಾನ ಮಾಡಿದ ಇಪ್ಪತ್ತೆಂಟರಿಂದ ಇಲ್ಲಿಯವರೆಗೆ ಏಳನೆಯ ಕುಳಿಯ ಮಣ್ಣನ್ನು ಯಾರಾದರೂ ಮುಟ್ಟಿದ್ದು ನಿಮಗೆ ಗೊತ್ತೇ?"

ಉಮಾಶಂಕರ ನೀರು ಕುಡಿದ. ಹೊರಗಿನಿಂದ ಬೀಗ ಬೀಳುವ ಬಾಗಿಲು ಕಣ್ಣ ಮುಂದೆ ಬಂತು.

"ಇಲ್ಲ. ನನಗೆ ತಿಳಿದ ಹಾಗೆ ಯಾರೂ ಮುಟ್ಟಿಲ್ಲ."

"ಅಯ್ಯೋ, ಇಲ್ಲಾ ರೀ!"

ಮೂರನೆಯ ಸಾಲಿನಿಂದ ಕೋಕಿಲಾ ಎದ್ದು ನಿಂತಿದ್ದಳು. ತಿಂಗಳುಗಳಿಂದ ಮಬ್ಬಾಗಿದ್ದ ಮುಖ ಬೆಳಗುತ್ತಿತ್ತು. ಏನೋ ಕಳೆದದ್ದು ಸಿಕ್ಕಿದವಳ ಖುಷಿ ಅದರಲ್ಲಿತ್ತು. "ನೀವೇ ತುಂಬಿಸಿದ್ರಲ್ಲ, ಮೂರು ಗಾಡಿ ಮಣ್ಣು! ಮಳೆ ಬರ್ತಿತ್ತು. ನಾನೇ ಕೋಲು ಹಿಡ್ಕೊಂಡು ನಿಂತಿದ್ದೆ. ಒರಳು ಯಾಕ್ ತುಂಬ್ತೀರಾ ಅಂತ ಕೇಳಿದ್ನಲ್ಲ, ಜ್ಞಾಪಕ ಇಲ್ವಾ ನಿಮಗೆ?" ಆಕೆ ಬೆರಳುಗಳನ್ನು ಪೆನ್ಸಿಲ್ ಹಿಡಿದಂತೆ ಎತ್ತಿದಳು. "ಇನ್ನೊಂದು ಹಾಕ್ಲಾ?"

ಒಂದು ವರ್ಷದಲ್ಲಿ ಆಕೆ ಅಷ್ಟು ಉದ್ದ ಮಾತಾಡಿರಲಿಲ್ಲ. ಅಷ್ಟು ಸರಿಯಾಗಿಯೂ ಮಾತಾಡಿರಲಿಲ್ಲ. ಸಭೆ ತಿರುಗಿ ನೋಡಿತು. ಸಮಿತಿಯವರಿಗೂ ವಕೀಲನಿಗೂ ಒಂದಕ್ಷರ ತಿಳಿಯಲಿಲ್ಲ.

"ನಿಮ್ಮ ಪತ್ನಿಯೇ? ಏನೋ ಹೇಳಬೇಕು ಅಂತಿದ್ದಾರೆ," ಎಂದಳು ಅಧ್ಯಕ್ಷೆ ಅಕ್ಕರೆಯಿಂದ. "ಏನು ಹೇಳಿದರು?"

ಉಮಾಶಂಕರ ಹೆಂಡತಿಯನ್ನು ನೋಡಿದ. ಆಕೆ ಅವನನ್ನೇ ನೋಡುತ್ತಿದ್ದಳು, ಹೌದು ಅನ್ನಿ ಎಂಬಂತೆ. ಹೌದು ಎಂದರೆ ಮೈದಾನ ಹೋಗುತ್ತದೆ, ಆಕೆಯೂ ಹೋಗುತ್ತಾಳೆ. ಇವಳಿಗಾಗಿಯೇ ಅಲ್ಲವೇ ಇದೆಲ್ಲ ಎಂದುಕೊಂಡ.

"ಅವಳಿಗೆ ಹುಷಾರಿಲ್ಲ, ಮರೆವಿನ ಕಾಯಿಲೆ," ಎಂದ. "ಕಿಟಕಿ ಮುಚ್ಚಿ ಅಂತಿದ್ದಾಳೆ. ಚಳಿಯಂತೆ."

ಸಭೆಯಲ್ಲಿ ಅಯ್ಯೋ ಪಾಪ ಎಂಬ ಸದ್ದು ಹರಿಯಿತು. ವಕೀಲನೇ ಎದ್ದು ಹೋಗಿ ಕಿಟಕಿ ಮುಚ್ಚಿದ, ಪರದೆಯನ್ನೂ ಎಳೆದ. ಬಿಸಿಲು ಆಕೆಯ ಮಡಿಲಿನಿಂದ ಹೋಯಿತು. ಕೋಕಿಲಾ ಕಿಟಕಿಯನ್ನು ನೋಡಿದಳು, ಗಂಡನನ್ನು ನೋಡಿದಳು.

"ನಂಗೆ ಚಳಿ ಆಗ್ತಿಲ್ವಲ್ಲ," ಎಂದಳು ಮೆಲ್ಲಗೆ. ಎತ್ತಿದ ಬೆರಳು ಇಳಿಯಿತು. ನಿಶಿತಾ ಆಕೆಯ ತೋಳು ಹಿಡಿದು ಕೂರಿಸಿದಳು. ನಿಶಿತಾಳಿಗೆ ಕನ್ನಡ ಮಾತಾಡಲು ಬರುತ್ತಿರಲಿಲ್ಲ, ಆದರೆ ಎಲ್ಲ ಅರ್ಥವಾಗುತ್ತಿತ್ತು.

ಕಾರಿನಲ್ಲಿ ಮಗಳು ಸ್ಟೀರಿಂಗ್ ಹಿಡಿದು ಎರಡು ಸಿಗ್ನಲ್ ದಾಟಿದಳು. ಆಮೇಲೆ, "ಶಿ ವಾಸ್ ರೈಟ್. ವಾಸಂಟ್ ಶಿ, ಅಪ್ಪಾ?" ಎಂದಳು.

"ಸುಮ್ನಿರು ಮಗಳೇ. ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನಿರು."

ಹಿಂದಿನ ಸೀಟಿನಿಂದ ಕೋಕಿಲಾ ಕೇಳಿದಳು. "ರೀ, ನಾನು ತಪ್ಪು ಹೇಳಿದ್ನಾ?"

ಆಗಲಾದರೂ ಅವನು ನಿಜ ಹೇಳಬಹುದಿತ್ತು. ಕಾರಿನಲ್ಲಿ ಇದ್ದವರು ಮೂವರೇ. ಆದರೆ ತೀರ್ಪು ಬರಲು ಇನ್ನೂ ದಿನಗಳಿದ್ದವು. ನಾಳೆ ಇವಳು ಇದನ್ನೇ ಬೀದಿಯಲ್ಲಿ ಹೇಳಿದರೆ, ಕನ್ನಡ ಬಲ್ಲವರು ಯಾರಾದರೂ ಕೇಳಿಸಿಕೊಂಡರೆ? ಹೆದರಿದವನಿಗೆ ಹಗ್ಗವೂ ಹಾವು.

"ಹೂಂ ಕೋಕಿಲಾ. ಅದು ಇಲ್ಲಿ ಆಗಿದ್ದಲ್ಲ. ಮೈಸೂರಲ್ಲಿ ಎಲ್ಲೋ ನೋಡಿದ್ದು ಇರ್ಬೇಕು. ನಿಂಗೆ ಈಗ ಎಲ್ಲಾ ಕಲಸುಮೇಲೋಗರ ಆಗತ್ತಲ್ಲ."

"ಓ," ಎಂದಳು ಕೋಕಿಲಾ. "ನಾನು ಕೋಲು ಹಿಡ್ಕೊಂಡಿದ್ದೆ ಅಂದ್ಕೊಂಡೆ."

ಮೂರು ವಾರದ ಮೇಲೆ ತೀರ್ಪು ಬಂತು. ಮೈದಾನ ಉಳಿಯಿತು. ಬಸವಂತಪ್ಪ ಧಾರವಾಡ ಪೇಡೆ ಹಿಡಿದು ಬಂದು ಗೆಳೆಯನನ್ನು ತಬ್ಬಿಕೊಂಡ. ನಿಶಿತಾ ಹೋಮಿನ ಪಟ್ಟಿಯಿಂದ ಅಮ್ಮನ ಹೆಸರು ತೆಗೆಸಿದಳು. ಅಪ್ಪನೊಡನೆ ಮಾತು ಮಾತ್ರ ಕಡಿಮೆ ಮಾಡಿದಳು. ಆ ಚಳಿಗಾಲ ಕೋಕಿಲಾ ಮೌನವಾದಳು. ಏನಾದರೂ ಹೇಳಲು ಬಾಯಿ ತೆರೆದು, ಗಂಡನ ಮುಖ ನೋಡಿ, ಮುಚ್ಚಿಬಿಡುತ್ತಿದ್ದಳು. ಕಾಯಿಲೆ ಹೆಚ್ಚುತ್ತಿದೆ ಎಂದರು ಡಾಕ್ಟರು. ಇರಬಹುದು. ಉಮಾಶಂಕರ ಅದನ್ನು ನಂಬಲು ಬಹಳ ಪ್ರಯತ್ನಪಟ್ಟ.

ಏಪ್ರಿಲ್ ಬಂತು. ಏಳನೆಯ ಕುಳಿಯ ದಿಬ್ಬದ ಮೇಲೆ ಕಂಚಿನ ಫಲಕ ನಿಲ್ಲಿಸಿದ್ದರು: 'ಎಡ್ಮಂಡ್ ಫೇರ್ಲಿ ಮಾಡಿದಂತೆಯೇ ಉಳಿದಿದೆ.' ಆಟ ಶುರುವಾದ ಮೊದಲ ಬೆಳಿಗ್ಗೆ ಉಮಾಶಂಕರ ವಾಡಿಕೆಯಂತೆ ಕಾರ್ಡನ್ನೂ ಪೆನ್ಸಿಲನ್ನೂ ಹೆಂಡತಿಯ ಕೈಗೆ ಕೊಟ್ಟ. ಆಕೆ ತೆಗೆದುಕೊಂಡಳು. ಹೊಸ್ತಿಲು ದಾಟಿದರು, ಅತ್ತೆಮನೆ ದಾಟಿದರು. ಆಕೆಯ ಕಾಲು ದಾರಿ ಮರೆತಿರಲಿಲ್ಲ. ಒರಳಿನಲ್ಲಿ ಅವನು ಐದನೆಯ ಏಟಿಗೆ ಚೆಂಡನ್ನು ಕುಳಿಗೆ ಹಾಕಿ ತಿರುಗಿದ. ಕೋಕಿಲಾ ಕಾರ್ಡು ಪೆನ್ಸಿಲು ಎರಡನ್ನೂ ಅವನ ಕಡೆಗೆ ಚಾಚಿ ನಿಂತಿದ್ದಳು. ಹೊಸ್ತಿಲಿನಿಂದ ಇಲ್ಲಿಯವರೆಗೆ ಕಾರ್ಡಿನ ಮನೆಗಳೆಲ್ಲ ಖಾಲಿ ಇದ್ದವು.

"ನೀವೇ ಬರ್ಕೊಳ್ಳಿ," ಎಂದಳು. "ನಾನು ಹೇಳೋದು ಸರಿ ಇರಲ್ಲ."

ಅವನು ಫಲಕದ ಕೆಳಗಿನ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತ, ಆಕೆಯ ಎರಡೂ ಕೈ ಹಿಡಿದುಕೊಂಡ. "ಸರಿ ಇತ್ತು ಕೋಕಿಲಾ. ನೀನು ಹೇಳಿದ್ದೇ ಸರಿ. ನಾನೇ ತುಂಬಿಸಿದ್ದು, ಇಲ್ಲೇ, ಮೂರು ಗಾಡಿ ಮಣ್ಣು. ನೀನು ಕೊಡೆ ಹಿಡ್ಕೊಂಡು ನಿಂತಿದ್ದೆ. ಬೇಡ ಅಂದೆ ನೀನು. ನಾನು ಸುಳ್ಳು ಹೇಳ್ದೆ. ನಿನ್ ಹತ್ರಾನೂ ಸುಳ್ಳು ಹೇಳ್ದೆ."

ಕೋಕಿಲಾ ಅವನು ಹೇಳಿದ್ದನ್ನೆಲ್ಲ ಕೇಳಿದಳು. ಅಪರಿಚಿತರೊಬ್ಬರು ಏನೋ ಕಷ್ಟ ತೋಡಿಕೊಂಡಾಗ ಕೇಳುವಷ್ಟೇ ಮರ್ಯಾದೆಯಿಂದ ಕೇಳಿದಳು.

"ಏನನ್ನ ತುಂಬಿದ್ದು?" ಎಂದಳು.

"ಒರಳನ್ನ."

"ಯಾವ ಒರಳು?"

ಉಮಾಶಂಕರ ಸುತ್ತಲಿನ ದಿಬ್ಬವನ್ನು ನೋಡಿದ, ನಡುವಿನ ತಗ್ಗನ್ನು ನೋಡಿದ. ತೋರಿಸಲು ಕೈ ಎತ್ತಿದವನು ಇಳಿಸಿದ. ಕೋಕಿಲಾ ಆಗಲೇ ಎಂಟನೆಯದರ ಕಡೆಗೆ ಹೆಜ್ಜೆ ಹಾಕತೊಡಗಿದ್ದಳು. ಅವನು ಎದ್ದು, ಕಾರ್ಡನ್ನು ಅಂಗೈ ಮೇಲಿಟ್ಟುಕೊಂಡು, ಏಳನೆಯ ಮನೆಯಲ್ಲಿ ಐದು ಎಂದು ಬರೆದ. ಅದನ್ನು ಹೊಡೆದು ಆರು ಎಂದು ಬರೆದ. ಆಮೇಲೆ ಹೆಂಡತಿಯ ಹಿಂದೆ ನಡೆದ.